ಇನ್ವಾಯ್ಸ್ ತಲುಪಿದೆ ಅಂತ ಯಾರು ಹೇಳಬೇಕು? ಸ್ವೀಕೃತಿ ಷರತ್ತಿನ ಬಗ್ಗೆ ಸಲಹೆ ಬೇಕು

ಪೀಣ್ಯ ಲೇತ್ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್ ಇದೆ. ಐದು ಸಿಎನ್‌ಸಿ (ಕಂಪ್ಯೂಟರ್ ನಡೆಸೋ) ಮೆಷಿನ್, ಹನ್ನೊಂದು ಜನ. ಬುಷ್, ಶಾಫ್ಟ್, ಫ್ಲ್ಯಾಂಜ್ ಮಾಡಿಕೊಡ್ತೀವಿ. ಸಣ್ಣ ಉದ್ಯಮ ಅಂತ ಸರ್ಕಾರದ ಉದ್ಯಮ್ ನೋಂದಣಿ ಇದೆ. ನಮ್ಮ ಮಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗೋದು ಹೊಸೂರಿನ ಒಂದು ದೊಡ್ಡ ಕಂಪನಿಗೆ. ಹೆಸರು ಇಲ್ಲಿ ಬೇಡ.

ಅವರ ಮೂರು ವರ್ಷದ ಕಾಂಟ್ರ್ಯಾಕ್ಟ್ ಈಗ ರಿನ್ಯೂವಲ್‌ಗೆ ಬಂದಿದೆ. ಹಳೆಯದರಲ್ಲಿದ್ದ ಎರಡು ಷರತ್ತನ್ನ ಕನ್ನಡದಲ್ಲಿ ಹೇಳ್ತೀನಿ. ಮೊದಲನೆಯದು: ಸಪ್ಲೈಯರ್ ಕಳಿಸಿದ ಯಾವುದೇ ಎಲೆಕ್ಟ್ರಾನಿಕ್ ದಾಖಲೆ, ಕಂಪನಿಯ ಪೋರ್ಟಲ್ ಸ್ವೀಕೃತಿ ಸಂಖ್ಯೆ ಕೊಟ್ಟ ಮೇಲೆ ಮಾತ್ರ ತಲುಪಿದಂತೆ, ಪೇಮೆಂಟ್‌ನ 45 ದಿನ ಶುರುವಾಗೋದು ಆ ಸಂಖ್ಯೆಯ ತಾರೀಕಿನಿಂದ. ಎರಡನೆಯದು: ಕಂಪನಿ ಪೋರ್ಟಲ್‌ಗೆ ಹಾಕಿದ ಪಿಒ (ಪರ್ಚೇಸ್ ಆರ್ಡರ್), ಶೆಡ್ಯೂಲ್ (ಯಾವಾಗ ಎಷ್ಟು ಮಾಲು ಬೇಕು ಅನ್ನೋ ಪಟ್ಟಿ), ತಿದ್ದುಪಡಿ, ಹಾಕಿದ ಕ್ಷಣವೇ ಸಪ್ಲೈಯರ್‌ಗೆ ತಲುಪಿದಂತೆ.

ಮೂರು ವರ್ಷದ ಹಿಂದೆ ಓದದೆ ಸಹಿ ಹಾಕಿದ್ದು ತಪ್ಪೇ. ಅದರ ಪರಿಣಾಮ ಹೇಳ್ತೀನಿ. ಹೋದ ತಿಂಗಳು 3ನೇ ತಾರೀಕು ಮಾಲು ಅವರ ಗೇಟ್ ಒಳಗೆ ಹೋಗಿದೆ. ಡೆಲಿವರಿ ಚಲನ್ ಮೇಲೆ ಸೆಕ್ಯುರಿಟಿ ಸೀಲು, ಇನ್‌ವರ್ಡ್ ನಂಬರ್ ಎರಡೂ ಇವೆ. ಇನ್ವಾಯ್ಸನ್ನ ಅವತ್ತೇ ಪೋರ್ಟಲ್‌ಗೆ ಹಾಕಿದೆವು. ಸ್ವೀಕೃತಿ ಸಂಖ್ಯೆ ಬಂದದ್ದು 29ಕ್ಕೆ. ಕೇಳಿದಾಗಲೆಲ್ಲ ‘ಅಂಡರ್ ಪ್ರೋಸೆಸ್’ ಅಂದರು. ಹೀಗೆ 45 ದಿನ ಅನ್ನೋದು 71 ದಿನ ಆಯ್ತು. ಬಾರ್ ಸ್ಟಾಕ್ ಕೊಡುವವರಿಗೆ ನಾನು 30 ದಿನಕ್ಕೆ ದುಡ್ಡು ಕೊಡಬೇಕು.

ಇನ್ನೊಂದು ಸಲ ಶನಿವಾರ ರಾತ್ರಿ 11ಕ್ಕೆ ಶೆಡ್ಯೂಲ್ ಕಡಿತ ಮಾಡಿ ಪೋರ್ಟಲ್‌ಗೆ ಹಾಕಿದ್ದರು. ನಮಗೆ ಗೊತ್ತಾಗಿದ್ದು ಸೋಮವಾರ ಬೆಳಿಗ್ಗೆ. ಭಾನುವಾರದ ಶಿಫ್ಟ್‌ನಲ್ಲಿ 400 ಪೀಸ್ ತಯಾರಾಗಿತ್ತು. ‘ನಿಮಗೆ ಶನಿವಾರವೇ ತಲುಪಿದೆ, ಕಾಂಟ್ರ್ಯಾಕ್ಟ್ ನೋಡಿ’ ಅಂದರು. ಆ 400 ಪೀಸ್ ಇವತ್ತಿಗೂ ರ‍್ಯಾಕ್‌ನಲ್ಲಿವೆ.

ಈ ಸಲ ಬದಲಾಯಿಸಿ ಅಂತ ಕೇಳೋಕೆ ಅವಕಾಶ ಇದೆ. ಏನಂತ ಕೇಳಲಿ?

ಲೆಕ್ಕದ ಪುಸ್ತಕ · ಸೋಮವಾರ, ರಾತ್ರಿ 10:25

ತುಮಕೂರಿನಲ್ಲಿ ಆಡಿಟ್ ಕೆಲಸ ನನ್ನದು. ಮೊದಲು ದುಡ್ಡಿನ ವಿಷಯ ಹೇಳಿಬಿಡ್ತೀನಿ ಸರ್.

ನಿಮಗೆ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಎಂಎಸ್‌ಎಂಇಡಿ ಕಾಯ್ದೆ, 2006 ಅನ್ವಯ ಆಗುತ್ತೆ. ಅದರ 15ನೇ ಸೆಕ್ಷನ್ ಪ್ರಕಾರ ಲಿಖಿತ ಒಪ್ಪಂದ ಇದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ. ಆ 45 ಎಲ್ಲಿಂದ ಎಣಿಸಬೇಕು ಅನ್ನೋದನ್ನೂ ಕಾಯ್ದೆಯೇ ಹೇಳಿದೆ: ಮಾಲು ನಿಜವಾಗಿ ಡೆಲಿವರಿ ಆದ ದಿನದಿಂದ. ಡೆಲಿವರಿ ಆದ 15 ದಿನದೊಳಗೆ ಮಾಲಿನ ಬಗ್ಗೆ ಲಿಖಿತ ಆಕ್ಷೇಪ ಕೊಟ್ಟಿದ್ದರೆ ಮಾತ್ರ, ಆ ಆಕ್ಷೇಪ ನೀವು ಸರಿಪಡಿಸಿದ ದಿನದಿಂದ. ಪೋರ್ಟಲ್ ಸಂಖ್ಯೆ ಕೊಟ್ಟ ದಿನ ಅನ್ನೋ ಮಾತು ಅಲ್ಲಿ ಎಲ್ಲೂ ಇಲ್ಲ. ಅಂದರೆ ನಿಮ್ಮ ಗಡಿಯಾರ ಶುರುವಾದದ್ದು 3ನೇ ತಾರೀಕಿಗೇ. ತಡವಾದ ದಿನಗಳಿಗೆ 16ನೇ ಸೆಕ್ಷನ್ ಬಡ್ಡಿ ಇದೆ: ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. 24ನೇ ಸೆಕ್ಷನ್ ಪ್ರಕಾರ ಈ ನಿಯಮಗಳು ಬೇರೆ ಕಾಯ್ದೆಗಳಿಗಿಂತ ಮೇಲೆ.

ಕೇಸ್ ಹಾಕಿ ಅಂತ ಹೇಳ್ತಿಲ್ಲ. ಅರ್ಧ ಮಾಲು ಕೊಳ್ಳೋ ಕಂಪನಿ ಮೇಲೆ ಯಾರೂ ಸುಮ್ಮನೆ ಕೇಸ್ ಹಾಕಲ್ಲ. ಆದರೆ ಅವರ ಫೈನಾನ್ಸ್ ವಿಭಾಗಕ್ಕೆ 43ಬಿ(ಎಚ್) ಅನ್ನೋ ಒಂದು ಮಾತು ಸಾಕು. 2023ರ ಹಣಕಾಸು ಕಾಯ್ದೆ ಆ ಸೆಕ್ಷನ್ನನ್ನ 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿತು. ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಈ ಅವಧಿಯೊಳಗೆ ದುಡ್ಡು ಕೊಡದಿದ್ದರೆ, ನಿಜವಾಗಿ ಕೊಟ್ಟ ವರ್ಷದಲ್ಲೇ ಆ ಖರ್ಚು ತೋರಿಸಬೇಕು. ಮಾರ್ಚ್ ಹತ್ತಿರ ಬಂದಾಗ ಇದು ಅವರಿಗೇ ತಲೆನೋವು. ಆ ಷರತ್ತು ಅವರ ಲೆಕ್ಕವನ್ನೂ ಕೆಡಿಸ್ತಿದೆ ಅಂತ ಸಮಾಧಾನವಾಗಿ ತೋರಿಸಿ.

ಮಾಚೇನಹಳ್ಳಿ ಫೌಂಡ್ರಿ · ಸೋಮವಾರ, ರಾತ್ರಿ 11:02

ನಮ್ಮದೂ ಇದೇ ಕಥೆ ಅಣ್ಣ. ಇದಕ್ಕಿಂತ ಕಷ್ಟದ್ದು ಇನ್ನೊಂದು ಆಯ್ತು. ನಮ್ಮ ಕಸ್ಟಮರ್ ಪೋರ್ಟಲ್ ಬದಲಾಯಿಸಿದರು. ಹಳೇ ಪೋರ್ಟಲ್‌ನ ಎರಡು ವರ್ಷದ ಸ್ವೀಕೃತಿಗಳು ನಮ್ಮ ಲಾಗಿನ್‌ನಲ್ಲಿ ಕಾಣೋದೇ ನಿಂತು ಹೋಯ್ತು. ಒಂದು ಡೆಬಿಟ್ ನೋಟ್ (ನಮ್ಮ ಬಿಲ್ಲಿನಲ್ಲಿ ಹಣ ಕಡಿತದ ಪತ್ರ) ವಿವಾದದಲ್ಲಿ ತೋರಿಸೋಕೆ ಕೈಯಲ್ಲಿ ಏನೂ ಇರಲಿಲ್ಲ. ನಮ್ಮ ಅಪ್ಪನ ಕಾಲದಲ್ಲಿ ರಿಜಿಸ್ಟರ್ಡ್ ಪೋಸ್ಟ್ ಹಾಕಿ, ಎ.ಡಿ. ಕಾರ್ಡ್ (ತಗೊಂಡವರು ಸಹಿ ಹಾಕಿದ ರಸೀದಿ) ವಾಪಸ್ ಬಂದರೆ ಅದನ್ನ ಫೈಲಿಗೆ ಪಿನ್ ಮಾಡಿ ಇಡ್ತಿದ್ದರು. ಸಹಿ ಅವರದು, ಕಾರ್ಡ್ ನಮ್ಮ ಫೈಲಲ್ಲಿ. ಪೋರ್ಟಲ್‌ನಲ್ಲಿ ಸಹಿಯೂ ಅವರದು, ಫೈಲೂ ಅವರದೇ.

ಹಾಗಾಗಿ ಸ್ವೀಕೃತಿ ಪೋರ್ಟಲ್ ಒಳಗೆ ಕೂತಿರಬಾರದು, ನಮ್ಮ ಮೇಲ್‌ಗೆ ಬರಬೇಕು ಅನ್ನೋದನ್ನ ಖಂಡಿತ ಬರೆಸಿ.

ಹುಬ್ಬಳ್ಳಿ ವಕೀಲೆ · ಮಂಗಳವಾರ, ಬೆಳಿಗ್ಗೆ 7:15

ಫೌಂಡ್ರಿಯವರು ಹೇಳಿದ್ದು ಬಾಳ ಮುಖ್ಯ ನೋಡ್ರಿ. ನಾಳೆ ಕೋರ್ಟಿಗೆ ಹೋದ್ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಸರ್ಟಿಫಿಕೇಟ್ ಬೇಕಾಗ್ತದ. ಮೊದಲು ಹಳೇ ಸಾಕ್ಷ್ಯ ಕಾಯ್ದೆಯಾಗ 65ಬಿ ಅಂತ ಇದ್ದದ್ದು 2024ರ ಜುಲೈ 1ರಿಂದ ಇದ ಆಗೇದ. ದಾಖಲೆಯ ಹ್ಯಾಶ್ ಮೌಲ್ಯನೂ (ಫೈಲಿನಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥಾ ಸಂಕೇತ) ಅದರಾಗ ಬರೀಬೇಕು. ಪೋರ್ಟಲ್‌ನ ಸ್ಕ್ರೀನ್‌ಶಾಟ್ ಪ್ರಿಂಟ್ ತಂದು ‘ಇದ ಸಾಕ್ಷಿ’ ಅಂದ್ರ ಸಾಲೂದಿಲ್ಲ. ಮೇಲ್ ಬಂದಿದ್ರ ಅದನ್ನ ಮೂಲ ರೂಪದಾಗ, ಹೆಡರ್ (ಎಲ್ಲಿಂದ, ಯಾವಾಗ ಬಂತು ಅನ್ನೋ ವಿವರ) ಸಮೇತ ಇಟ್ಕೊಳ್ರಿ.

ಈಗ ‘ತಲುಪೋದು’ ಅಂದ್ರ ಏನು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 12 ಮತ್ತು 13ನೇ ಸೆಕ್ಷನ್ ಓದ್ರಿ, ಎರಡೂ ಸಣ್ಣವು. 13 ಏನ್ ಹೇಳ್ತದ ಅಂದ್ರ: ಬೇರೆ ಒಪ್ಪಂದ ಇಲ್ಲದಿದ್ರ, ತಗೊಳ್ಳಾವರು ಒಂದು ಕಂಪ್ಯೂಟರ್ ವ್ಯವಸ್ಥೆ ಗೊತ್ತುಮಾಡಿದ್ದರ, ದಾಖಲೆ ಅದರೊಳಗ ಹೊಕ್ಕ ಸಮಯನ ತಲುಪಿದ ಸಮಯ. ಯಾರರ ತೆರೆದು ನೋಡಬೇಕು, ನಂಬರ್ ಕೊಡಬೇಕು ಅಂತ ಇಲ್ಲ. ಗೊತ್ತುಮಾಡಿದ್ದನ್ನ ಬಿಟ್ಟು ಬೇರೆ ಕಡೆ ಕಳಿಸಿದ್ರ ಮಾತ್ರ, ಅವರು ಅದನ್ನ ತೆಗೆದುಕೊಂಡಾಗ ತಲುಪಿದ್ಹಂಗ. ಅಂದ್ರ ಕಾನೂನಿನ ಮೂಲ ನಿಯಮ ನಿಮ್ಮ ಪರ ಐತಿ. ನಿಮ್ಮ ಕಾಂಟ್ರ್ಯಾಕ್ಟ್ ಅದನ್ನ ‘ಬೇರೆ ಒಪ್ಪಂದ’ದಿಂದ ತಿರುಗಿಸಿ ಬಿಟ್ಟೈತಿ.

12ನೇ ಸೆಕ್ಷನ್ ಸ್ವೀಕೃತಿ ಬಗ್ಗೆ. ಇಂಥಾ ರೂಪದಾಗ ಬೇಕು ಅಂತ ಹೇಳದಿದ್ರ, ಯಾವುದೇ ಉತ್ತರ ಸ್ವೀಕೃತಿ ಆಗ್ತದ, ಮೆಷಿನ್ ತಾನಾಗಿ ಕಳಿಸಿದ್ದೂ ಸೈ. ತಲುಪಿದೆ ಅಂತ ತೋರಿಸೋ ನಡವಳಿಕೆ ಇದ್ರೂ ಸಾಕು.

ಪೀಣ್ಯ ಲೇತ್ · ಮಂಗಳವಾರ, ಬೆಳಿಗ್ಗೆ 8:30

ಮೇಡಂ, ಹಾಗಾದರೆ ನಾನೂ ನಮ್ಮ ಇನ್ವಾಯ್ಸ್ ಮೇಲ್‌ನ ಕೊನೆಯಲ್ಲಿ ‘ನೀವು ಸ್ವೀಕೃತಿ ಕಳಿಸಿದರೆ ಮಾತ್ರ ಈ ದಾಖಲೆ ಬದ್ಧ’ ಅಂತ ಒಂದು ಸಾಲು ಹಾಕಲಾ? ಆಗ ಅವರು ಉತ್ತರ ಕೊಡಲೇಬೇಕಲ್ಲ?

ಹುಬ್ಬಳ್ಳಿ ವಕೀಲೆ · ಮಂಗಳವಾರ, ಬೆಳಿಗ್ಗೆ 8:41

ಬ್ಯಾಡ, ಬ್ಯಾಡ! ಅದನ್ನ ಮಾತ್ರ ಮಾಡಬ್ಯಾಡ್ರಿ. 12ರ ಎರಡನೇ ಉಪಸೆಕ್ಷನ್ ನೋಡ್ರಿ. ಕಳಿಸಿದವರು ‘ಸ್ವೀಕೃತಿ ಬಂದ್ರ ಮಾತ್ರ ಬದ್ಧ’ ಅಂತ ಷರತ್ತು ಹಾಕಿ, ಸ್ವೀಕೃತಿ ಬರದಿದ್ರ, ಆ ದಾಖಲೆ ಕಳಿಸೇ ಇಲ್ಲ ಅಂತ ಕಾನೂನು ತಿಳೀತದ. ಅವರು ಸುಮ್ಮನ ಕೂತರ ನಿಮ್ಮ ಇನ್ವಾಯ್ಸ್ ಇಲ್ಲದ್ಹಂಗ. ಆ ಷರತ್ತು ಆಫರ್ ಕಳಿಸಾವರಿಗೆ, ಕೊಟೇಶನ್ ಕೊಡಾವರಿಗೆ ಉಪಯೋಗ. ದುಡ್ಡು ಬರಬೇಕಾದವರಿಗೆ ಅದು ಉಲ್ಟಾ.

ನಿಮಗ ಬೇಕಾಗಿದ್ದು ಮೂರನೇ ಉಪಸೆಕ್ಷನ್ ಧಾಟಿ. ಸ್ವೀಕೃತಿ ಬರಲಿಲ್ಲ ಅಂದ್ರ ನೋಟಿಸ್ ಕೊಡೋದು, ಇಷ್ಟರೊಳಗ ಕೊಡ್ರಿ ಅಂತ ಸಮಯ ಹೇಳೋದು. ಆದ್ರ ಕಾಯ್ದೆಯೊಳಗ ಅಲ್ಲೂ ಕೊನೀಗೆ ಸಿಗೋದು ‘ಕಳಿಸಿಲ್ಲ ಅಂತ ತಿಳ್ಕೊಳ್ಳೋ ಹಕ್ಕು’ ಅಷ್ಟ. ನೀವು ಕಾಂಟ್ರ್ಯಾಕ್ಟ್‌ನಾಗ ಅದರ ತುದಿ ತಿರುಗಿಸಿ ಬರೀಬೇಕು: ನೋಟಿಸ್ ನಂತರನೂ ಸುಮ್ಮನಿದ್ರ, ಮೊದಲ ದಿನನ ತಲುಪಿದ್ಹಂಗ ಅಂತ.

ಇಡಿಐ ಹಳಬ · ಮಂಗಳವಾರ, ಮಧ್ಯಾಹ್ನ 1:20

ಬೆಂಗಳೂರಿನಲ್ಲಿ ಶುರು ಮಾಡಿ ಈಗ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. 18 ವರ್ಷದಿಂದ ಇಡಿಐ ಕೆಲಸವೇ, ಅಂದರೆ ಒಂದು ಕಂಪನಿಯ ಕಂಪ್ಯೂಟರ್‌ನಿಂದ ಇನ್ನೊಂದರದ್ದಕ್ಕೆ ನೇರವಾಗಿ ಆರ್ಡರ್, ಇನ್ವಾಯ್ಸ್ ಕಳಿಸುವ ವ್ಯವಸ್ಥೆ. ನಿಮ್ಮ ಷರತ್ತಿನ ನಿಜವಾದ ದೋಷ ‘ಸ್ವೀಕೃತಿ’ ಅನ್ನೋ ಒಂದೇ ಪದದಲ್ಲಿದೆ. ಅದು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬಿದೆ.

ನಮ್ಮ ಕೆಲಸದಲ್ಲಿ ಅವು ಮೂರೂ ಮೂರು ಬೇರೆ ಸಂದೇಶ. ಎಎಸ್2 ಎಂಬ ರವಾನೆ ಪದ್ಧತಿಯ ಮೂಲಕ ಫೈಲ್ ಕಳಿಸಿದರೆ ಆ ಕಡೆಯ ಸರ್ವರ್ ಎಂಡಿಎನ್ ಅನ್ನೋ ರಸೀದಿ ಕಳಿಸುತ್ತದೆ. ಅದಕ್ಕೆ ಡಿಜಿಟಲ್ ಸಹಿ ಇದ್ದು, ಒಳಗೆ ಫೈಲಿನ ಹ್ಯಾಶ್ ಇದ್ದರೆ, ‘ಇದೇ ಫೈಲ್ ನಮ್ಮ ಬಾಗಿಲಿಗೆ ಬಂತು’ ಎನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಆಮೇಲೆ ಫೈಲ್ ತೆರೆದು, ನಮೂನೆ ಸರಿಯಿದೆಯಾ ಎಂದು ಸಾಫ್ಟ್‌ವೇರ್ ನೋಡುತ್ತದೆ. ಅದರ ಉತ್ತರ ಅಮೆರಿಕದ ಎಕ್ಸ್12 ಪದ್ಧತಿಯಲ್ಲಿ 997 ಎಂಬ ಸಂದೇಶ, ವಿಶ್ವಸಂಸ್ಥೆಯ ಎಡಿಫ್ಯಾಕ್ಟ್ ಪದ್ಧತಿಯಲ್ಲಿ ಕಂಟ್ರೋಲ್ ಸಂದೇಶ. ‘ಓದಲು ಬಂತು’ ಅಥವಾ ‘ಓದಲು ಬರಲಿಲ್ಲ’ ಎಂದಷ್ಟೇ ಅದರ ಅರ್ಥ. ಬೆಲೆ ಸರಿಯಾ, ಅಷ್ಟು ಮಾಲು ಕೊಡ್ತಾರಾ ಅನ್ನೋದಕ್ಕೂ ಅದಕ್ಕೂ ಸಂಬಂಧವಿಲ್ಲ. ಆರ್ಡರ್ ಒಪ್ಪಿದ್ದೇವೆ ಎನ್ನಲು ಬೇರೆಯೇ ದಾಖಲೆ, 855.

997 ಬಂದ ಕೂಡಲೇ ಸಪ್ಲೈಯರ್ ಆರ್ಡರ್ ಒಪ್ಪಿದ ಎಂದುಕೊಂಡು ಲೈನ್ ಪ್ಲಾನ್ ಮಾಡಿದ ಕಂಪನಿಯನ್ನು ನೋಡಿದ್ದೇನೆ. ಬಂದದ್ದು ಸಾಫ್ಟ್‌ವೇರ್‌ನ ‘ಓದಿದೆ’ ಎಂಬ ಮಾತು. ಮನುಷ್ಯರು ಯಾರೂ ಆ ಆರ್ಡರ್ ನೋಡಿರಲೇ ಇಲ್ಲ. ವಾರದ ನಂತರ ಗೊತ್ತಾಯಿತು.

ಇದೇನು ಹೊಸ ಸಮಸ್ಯೆಯಲ್ಲ. ಅಮೆರಿಕನ್ ಬಾರ್ ಅಸೋಸಿಯೇಷನ್ 1990ರಲ್ಲೇ ಇಡಿಐ ಪಾಲುದಾರರಿಗೆ ಮಾದರಿ ಒಪ್ಪಂದ ಹೊರಡಿಸಿತು. ಅದರಲ್ಲಿ ದಾಖಲೆ ಸರಿಯಾಗಿ ತಲುಪಿದರೆ ಕೂಡಲೇ ಫಂಕ್ಷನಲ್ ಅಕ್ನಾಲೆಜ್‌ಮೆಂಟ್ (997ರಂಥ ಉತ್ತರ) ಕಳಿಸುವುದು ತಗೊಂಡವರ ಕರ್ತವ್ಯ. ಯುರೋಪಿಯನ್ ಕಮಿಷನ್ 1994ರಲ್ಲಿ ತನ್ನ ಮಾದರಿ ಕೊಟ್ಟಿತು. ಸ್ವೀಕೃತಿ ಕೇಳಿದ್ದರೆ, ಬೇರೆ ಸಮಯ ಗೊತ್ತುಮಾಡದಿದ್ದರೆ ಒಂದು ಕೆಲಸದ ದಿನದೊಳಗೆ ಕಳಿಸಬೇಕು ಎನ್ನುವ ಲೆಕ್ಕ ಅದರದ್ದು. ವಕೀಲೆ ಮೇಡಂ ಹೇಳಿದ ಸೆಕ್ಷನ್ 12ರ ಬೇರು ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ ಅನ್‌ಸಿಟ್ರಾಲ್ 1996ರಲ್ಲಿ ಮಾಡಿದ ಮಾದರಿ ಕಾನೂನಿನ 14ನೇ ವಿಧಿಯಲ್ಲಿದೆ. ಇವೆಲ್ಲದರಲ್ಲೂ ಸ್ವೀಕೃತಿ ಎಂದರೆ ಕೈಸೇರಿದ್ದಕ್ಕೆ ಗುರುತು. ಕಳಿಸಿದವನ ದುಡ್ಡನ್ನು ತಡೆಹಿಡಿಯುವ ಗೇಟ್ ಆಗಿ ಅದನ್ನು ಯಾರೂ ಯೋಚಿಸಿರಲಿಲ್ಲ.

ಖರೀದಿ ವಿಭಾಗ · ಮಂಗಳವಾರ, ಸಂಜೆ 6:50

ನಾನು ಇನ್ನೊಂದು ಬದಿಯವನು. ಬಿಡದಿ ಹತ್ತಿರದ ಒಂದು ಕಾರ್ಖಾನೆಯಲ್ಲಿ ಪರ್ಚೇಸ್ ನೋಡಿಕೊಳ್ಳುತ್ತೇನೆ. ನಮ್ಮ ಕಷ್ಟವನ್ನೂ ಕೇಳಿ, ಆಗ ಮಾತುಕತೆ ಸುಲಭ ಆಗುತ್ತದೆ.

ತಿಂಗಳಿಗೆ ಸಾವಿರಾರು ಇನ್ವಾಯ್ಸ್ ಬರುತ್ತವೆ. ಪಿಒ ನಂಬರ್ ಇರುವುದಿಲ್ಲ. ಪಿಒದಲ್ಲಿ 200 ಪೀಸ್, ಸ್ಟೋರ್ಸ್‌ನ ಜಿಆರ್‌ಎನ್‌ನಲ್ಲಿ (ಬಂದ ಮಾಲು ಎಣಿಸಿ ಬರೆದ ದಾಖಲೆ) 196, ಇನ್ವಾಯ್ಸ್‌ನಲ್ಲಿ 200. ಇನ್ನು ಕೆಲವರು ಎರಡು ವರ್ಷದ ಹಿಂದೆ ಕೆಲಸ ಬಿಟ್ಟವರ ಮೇಲ್ ಐಡಿಗೆ ಕಳಿಸಿ ‘ಕಳಿಸಿದ್ದೇವಲ್ಲ ಸರ್’ ಎನ್ನುತ್ತಾರೆ. ಪಿಒ, ಜಿಆರ್‌ಎನ್, ಇನ್ವಾಯ್ಸ್ ಮೂರೂ ತಾಳೆಯಾದ ಮೇಲೆ ಸಂಖ್ಯೆ ಕೊಡುವ ಪದ್ಧತಿ ಬಂದದ್ದು ಇದರಿಂದ. ಕೆಟ್ಟ ಉದ್ದೇಶದಿಂದ ಅಲ್ಲ.

ಆದರೆ 26 ದಿನ ಸುಮ್ಮನಿರುವುದು ತಪ್ಪು. ಅದನ್ನು ನಾನು ಸಮರ್ಥಿಸುವುದಿಲ್ಲ. ತಾಳೆಯಾಗದಿದ್ದರೆ ಮೂರು ದಿನದಲ್ಲಿ ಹೇಳಲು ನಮಗೆ ಆಗುತ್ತದೆ. ಹಾಗಾಗಿ ‘ಸಂಖ್ಯೆಯೇ ಬೇಡ’ ಎಂದು ಕೇಳಬೇಡಿ, ನಮ್ಮ ಸಿಸ್ಟಮ್ ಬದಲಾಗುವುದಿಲ್ಲ. ಬದಲಿಗೆ ಕೇಳಿ: ಅಪ್‌ಲೋಡ್ ಆದ ಕೂಡಲೇ ತಾನಾಗಿ ಹೋಗುವ ಒಂದು ಮೇಲ್, ಅದರಲ್ಲಿ ತಾರೀಕು, ಸಮಯ. ಮೂರು ಕೆಲಸದ ದಿನದಲ್ಲಿ ಕಾರಣ ಸಮೇತ ತಿರಸ್ಕಾರ, ಇಲ್ಲದಿದ್ದರೆ ಸರಿಯಿದೆ ಎಂದರ್ಥ. ಇದಕ್ಕೆ ಯಾವ ಪರ್ಚೇಸ್ ಮ್ಯಾನೇಜರೂ ಇಲ್ಲ ಎನ್ನಲಾರ.

ಜಿಗಣಿ ಪ್ಯಾಕಿಂಗ್ · ಮಂಗಳವಾರ, ರಾತ್ರಿ 8:05

ಒಂದು ಸೇರಿಸಿ. ನಮಗೆ ಮೂರನೇ ದಿನ ‘ಎಚ್‌ಎಸ್‌ಎನ್ ಕೋಡ್ ತಪ್ಪು’ (ಜಿಎಸ್‌ಟಿಗೆ ಮಾಲಿನ ವರ್ಗ ಹೇಳೋ ಸಂಖ್ಯೆ) ಅಂತ ವಾಪಸ್ ಬಂತು, ಸರಿ ಮಾಡಿ ಹಾಕಿದೆವು. ಮತ್ತೆ ಮೂರನೇ ದಿನ ‘ಪಿಒ ಲೈನ್ ನಂಬರ್ ತಪ್ಪು’. ಆಮೇಲೆ ‘ಟೆಸ್ಟ್ ಸರ್ಟಿಫಿಕೇಟ್ ಇಲ್ಲ’. ಒಂದೇ ಇನ್ವಾಯ್ಸ್ ಮೂರು ಸಲ. ದೋಷ ಎಷ್ಟಿದ್ದರೂ ಎಲ್ಲವನ್ನೂ ಒಂದೇ ಸಲ ಹೇಳಬೇಕು ಅಂತ ಬರೆಸಿ.

ಇ-ಇನ್ವಾಯ್ಸ್ ಆದರೆ ಇನ್ನೂ ಕಷ್ಟ. ಐಆರ್‌ಎನ್ (ಸರ್ಕಾರಿ ಪೋರ್ಟಲ್ ಇನ್ವಾಯ್ಸ್‌ಗೆ ಕೊಡೋ ನಂಬರ್) ಬಂದ 24 ಗಂಟೆಯೊಳಗೆ ಮಾತ್ರ ಕ್ಯಾನ್ಸಲ್ ಮಾಡೋಕೆ ಆಗೋದು. ಆಮೇಲೆ ಕ್ರೆಡಿಟ್ ನೋಟೇ (ಆ ಬಿಲ್ಲಿನ ಮೊತ್ತ ಇಳಿಸೋ ದಾಖಲೆ) ದಾರಿ. ಮೂರನೇ ದಿನ ತಿರಸ್ಕರಿಸಿದರೆ ಸುಮ್ಮನೆ ಹರಿದು ಇನ್ನೊಂದು ಮಾಡೋ ಹಾಗಿಲ್ಲ.

ಲೆಕ್ಕದ ಪುಸ್ತಕ · ಮಂಗಳವಾರ, ರಾತ್ರಿ 9:30

ಜಿಗಣಿಯವರು ಜಿಎಸ್‌ಟಿ ಎತ್ತಿದ್ದು ಒಳ್ಳೆಯದಾಯ್ತು. ಮೇಡಂ ‘ನಡವಳಿಕೆಯೂ ಸ್ವೀಕೃತಿ’ ಅಂದರಲ್ಲ, ಅದಕ್ಕೆ ಒಂದು ಗಟ್ಟಿ ಉದಾಹರಣೆ ಇದೆ. ಸಿಜಿಎಸ್‌ಟಿ ಕಾಯ್ದೆ 16(2) ಪ್ರಕಾರ ಕೊಳ್ಳುವವರು ಇನ್‌ಪುಟ್ ಕ್ರೆಡಿಟ್ (ಖರೀದಿ ಮೇಲೆ ಕಟ್ಟಿದ ತೆರಿಗೆಯ ವಜಾ) ತಗೋಬೇಕಾದರೆ ಇನ್ವಾಯ್ಸ್ ಕೈಯಲ್ಲಿರಬೇಕು, ಮಾಲೂ ಬಂದಿರಬೇಕು. ನಿಮ್ಮ ಇನ್ವಾಯ್ಸ್ ಮೇಲೆ ಕ್ರೆಡಿಟ್ ತಗೊಂಡಿದ್ದರೆ, ಇನ್ವಾಯ್ಸ್ ತಲುಪಿದೆ ಅಂತ ಸರ್ಕಾರದ ಮುಂದೆ ಹೇಳಿದ ಹಾಗೆ. ಆ ಮೇಲೆ ನಿಮಗೆ ‘ಇನ್ನೂ ತಲುಪಿಲ್ಲ’ ಅನ್ನೋದು ಹೇಗೆ?

2024ರ ಅಕ್ಟೋಬರ್‌ನಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ಐಎಂಎಸ್ (ಇನ್ವಾಯ್ಸ್ ನಿರ್ವಹಣೆ ವ್ಯವಸ್ಥೆ) ಬಂದಿದೆ. ಕೊಳ್ಳುವವರು ಪ್ರತಿ ಇನ್ವಾಯ್ಸನ್ನ ಒಪ್ಪಬಹುದು, ತಿರಸ್ಕರಿಸಬಹುದು, ಬಾಕಿ ಇಡಬಹುದು. ಏನೂ ಮಾಡದಿದ್ದರೆ ಒಪ್ಪಿದ ಹಾಗೆ. ಸಪ್ಲೈಯರ್‌ಗೂ ಅವರು ಏನು ಮಾಡಿದರು ಅಂತ ಕಾಣುತ್ತೆ. ಹುಷಾರು, ಅವರು ಏನೂ ಮಾಡದೆ ತಾನಾಗಿ ಒಪ್ಪಿಗೆ ಆದದ್ದನ್ನ ನಾನು ಸಾಕ್ಷಿ ಅಂತ ದೊಡ್ಡದಾಗಿ ಹೇಳಲ್ಲ. ಅವರೇ ಒತ್ತಿದ ‘ಒಪ್ಪಿಗೆ’ ಇದ್ದರೆ ಆ ಪುಟ ತಾರೀಕಿನ ಸಮೇತ ಇಳಿಸಿ ಇಟ್ಟುಕೊಳ್ಳಿ.

ಇಡಿಐ ಹಳಬ · ಬುಧವಾರ, ಮಧ್ಯಾಹ್ನ 12:45

ಎಲ್ಲರ ಮಾತು ಸೇರಿಸಿ ಒಂದು ಕರಡು ಮಾಡಿದ್ದೇನೆ. ಮೇಡಂ ತಿದ್ದಲಿ.

“ದಾಖಲೆಯು ಸ್ವೀಕರಿಸುವವರು ಗೊತ್ತುಪಡಿಸಿದ ಪೋರ್ಟಲ್ ಅಥವಾ ಇಮೇಲ್ ವಿಳಾಸವನ್ನು ಪ್ರವೇಶಿಸಿದ ಸಮಯವೇ ತಲುಪಿದ ಸಮಯ. ಕೆಲಸದ ಸಮಯದ ಆಚೆಗೆ ಬಂದದ್ದು ಮುಂದಿನ ಕೆಲಸದ ದಿನದ ಬೆಳಿಗ್ಗೆ ತಲುಪಿದಂತೆ. ಸ್ವೀಕರಿಸುವವರು ಒಂದು ಕೆಲಸದ ದಿನದೊಳಗೆ ಕಳಿಸಿದವರ ಇಮೇಲ್‌ಗೆ ಸ್ವೀಕೃತಿ ಕಳಿಸತಕ್ಕದ್ದು. ಸ್ವೀಕೃತಿ ಎಂದರೆ ದಾಖಲೆ ಕೈಸೇರಿದೆ, ಓದಬಹುದಾಗಿದೆ ಎಂದಷ್ಟೇ. ಅದರೊಳಗಿನ ದರ, ಪ್ರಮಾಣ, ಗುಣಮಟ್ಟಕ್ಕೆ ಒಪ್ಪಿಗೆಯಲ್ಲ. ದೋಷಗಳಿದ್ದಲ್ಲಿ ಎಲ್ಲವನ್ನೂ ಒಟ್ಟಿಗೆ, ಕಾರಣಸಹಿತ, ಮೂರು ಕೆಲಸದ ದಿನದೊಳಗೆ ತಿಳಿಸತಕ್ಕದ್ದು. ಎರಡೂ ಬಾರದಿದ್ದಲ್ಲಿ ಕಳಿಸಿದವರು ಜ್ಞಾಪನೆ ಕಳಿಸಬಹುದು. ಅದಾದ ಒಂದು ಕೆಲಸದ ದಿನದಲ್ಲೂ ಉತ್ತರವಿಲ್ಲದಿದ್ದರೆ ದಾಖಲೆ ಮೊದಲು ಪ್ರವೇಶಿಸಿದ ದಿನವೇ ದೋಷವಿಲ್ಲದೆ ತಲುಪಿದಂತೆ. ಪೋರ್ಟಲ್ ಕೆಲಸ ಮಾಡದಿದ್ದಾಗ ಇಮೇಲ್ ಸಾಕು. ಈ ನಿಯಮ ಎರಡೂ ಪಕ್ಷಗಳ ಎಲ್ಲ ದಾಖಲೆಗಳಿಗೆ ಸಮಾನವಾಗಿ ಅನ್ವಯ.”

ಕೊನೆಯ ವಾಕ್ಯ ನನಗೆ ಎಲ್ಲಕ್ಕಿಂತ ಮುಖ್ಯ. ಲೇತ್ ಸರ್ ಅವರ 400 ಪೀಸ್ ರ‍್ಯಾಕ್‌ನಲ್ಲಿ ಕೂತಿರುವುದು ಆ ಒಂದು ವಾಕ್ಯ ಇಲ್ಲದ್ದಕ್ಕೆ.

ಹುಬ್ಬಳ್ಳಿ ವಕೀಲೆ · ಬುಧವಾರ, ಸಂಜೆ 7:10

ಛಲೋ ಐತಿ. ಎರಡು ತಿದ್ದುಪಡಿ. ‘ಪಾವತಿ ಅವಧಿ ಡೆಲಿವರಿ ದಿನದಿಂದ, ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ’ ಅಂತ ಬ್ಯಾರೆ ಷರತ್ತಾಗಿ ಬರೀರಿ, ಸ್ವೀಕೃತಿ ಷರತ್ತಿನೊಳಗ ಕಲಸಬ್ಯಾಡ್ರಿ. ದಾಖಲೆಯ ಗಡಿಯಾರ ಬ್ಯಾರೆ, ದುಡ್ಡಿನ ಗಡಿಯಾರ ಬ್ಯಾರೆ. ಇನ್ನೊಂದು, ಗೊತ್ತುಪಡಿಸಿದ ವಿಳಾಸಗಳನ್ನ ಅನುಬಂಧದಾಗ ಹಾಕ್ರಿ, ವ್ಯಕ್ತಿ ಹೆಸರಿನ ಐಡಿ ಬ್ಯಾಡ, ವಿಭಾಗದ ಐಡಿ ಇರಲಿ. ಬದಲಾದ್ರ ಏಳು ದಿನ ಮೊದಲು ತಿಳಿಸಬೇಕು.

ಮತ್ತ ಕಂಪನಿ ಹೊಸೂರಿನಾಗ ಐತಿ ಅಂತ ಹೆದರಬ್ಯಾಡ್ರಿ. ಸಪ್ಲೈಯರ್ ಎಲ್ಲಿ ಇರ್ತಾರೋ ಅಲ್ಲಿನ ಫೆಸಿಲಿಟೇಶನ್ ಕೌನ್ಸಿಲ್‌ಗೆ (ಬಾಕಿ ಪಾವತಿ ವಿವಾದ ಕೇಳೋ ಮಂಡಳಿ) ಅಧಿಕಾರ ಅಂತ ಎಂಎಸ್‌ಎಂಇಡಿ ಕಾಯ್ದೆಯ 18ನೇ ಸೆಕ್ಷನ್ ಹೇಳ್ತದ.

ಪೀಣ್ಯ ಲೇತ್ · ಮೂರು ವಾರದ ನಂತರ, ಶುಕ್ರವಾರ, ರಾತ್ರಿ 9:15

ಎಲ್ಲರಿಗೂ ಹೇಳಬೇಕು ಅಂತ ಬಂದೆ. ಅವರ ಪರ್ಚೇಸ್, ಫೈನಾನ್ಸ್ ಇಬ್ಬರ ಜೊತೆ ಎರಡು ಸಲ ಕೂತು ಮಾತಾಡಿದೆ. 43ಬಿ(ಎಚ್) ಅಂದ ತಕ್ಷಣ ಫೈನಾನ್ಸ್‌ನವರು ನಮ್ಮ ಕಡೆ ತಿರುಗಿದರು. ಡೆಲಿವರಿ ದಿನದಿಂದ 45 ದಿನ, ಬೇರೆ ಷರತ್ತಾಗಿ, ಒಪ್ಪಿದ್ದಾರೆ. ಅಪ್‌ಲೋಡ್ ಆದ ಕೂಡಲೇ ಮೇಲ್ ಬರುತ್ತೆ, ನಿನ್ನೆ ಮೊದಲನೆಯದು ಬಂತು. ದೋಷಗಳನ್ನ ಒಟ್ಟಿಗೆ ಹೇಳೋದಕ್ಕೆ ಮೂರು ದಿನ ಕೇಳಿದ್ದೆ, ಐದಕ್ಕೆ ನಿಂತರು. ನಾನು ಒಪ್ಪಿಕೊಂಡೆ.

ಶೆಡ್ಯೂಲ್ ವಿಷಯದಲ್ಲಿ ತುಂಬ ಎಳೆದಾಡಿದರು. ಕೊನೆಗೆ ಸಂಜೆ 6ರ ನಂತರ ಹಾಕಿದ ತಿದ್ದುಪಡಿ ಮುಂದಿನ ಕೆಲಸದ ದಿನ ಬೆಳಿಗ್ಗೆ 9ಕ್ಕೆ ತಲುಪಿದಂತೆ, ಅಷ್ಟರೊಳಗೆ ತಯಾರಾದ ಮಾಲು ಅವರೇ ತಗೋಬೇಕು ಅಂತ ಬರೆದುಕೊಟ್ಟರು. ಹಳೇ 400 ಪೀಸ್ ಬಗ್ಗೆ ಬಾಯಿ ಬಿಡಲಿಲ್ಲ.

ಮಾಚೇನಹಳ್ಳಿ ಫೌಂಡ್ರಿ · ಶುಕ್ರವಾರ, ರಾತ್ರಿ 9:40

ಬಹಳ ಸಂತೋಷ ಅಣ್ಣ. ನಮ್ಮದು ಮುಂದಿನ ತಿಂಗಳು ರಿನ್ಯೂವಲ್, ಇದನ್ನೇ ಇಟ್ಟುಕೊಂಡು ಹೋಗ್ತೀನಿ. ಒಂದು ಅನುಮಾನ. ‘ಕೆಲಸದ ದಿನ’ ಅಂದರೆ ಯಾರ ಕೆಲಸದ ದಿನ? ನಿಮಗೆ ನವೆಂಬರ್ 1 ರಜ, ಹೊಸೂರಿನವರಿಗೆ ಇಲ್ಲ. ಪೊಂಗಲ್‌ಗೆ ಅವರಿಗೆ ಸಾಲು ರಜ.

ಪೀಣ್ಯ ಲೇತ್ · ಶುಕ್ರವಾರ, ರಾತ್ರಿ 9:52

ಅದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಕಾಂಟ್ರ್ಯಾಕ್ಟ್ ಇನ್ನೂ ಸಹಿ ಆಗಿಲ್ಲ. ದಾಖಲೆ ಯಾರ ಕೈಗೆ ಹೋಗುತ್ತೋ ಅವರ ಊರಿನ ರಜೆ ಲೆಕ್ಕಕ್ಕೆ, ವರ್ಷದ ಮೊದಲೇ ಎರಡೂ ಕಡೆಯವರು ರಜೆ ಪಟ್ಟಿ ಕೊಟ್ಟುಕೊಳ್ಳಬೇಕು ಅಂತ ಸೇರಿಸಿ ಈಗಲೇ ಅವರಿಗೆ ಮೇಲ್ ಹಾಕ್ತೀನಿ. ಸೋಮವಾರ ಉತ್ತರ ಬಂದ ಮೇಲೆ ಇಲ್ಲಿ ತಿಳಿಸ್ತೀನಿ.